ಅಪ್‌ಡೇಟ್: ಒಂಬತ್ತು ಜನಕ್ಕೆ ಇಳಿದಿದ್ದ ನಮ್ಮೂರ ರೋಟರಿ ಕ್ಲಬ್
ಜೂನ್‌ನಲ್ಲಿ ಕೇಳಿದ್ದೆ, ನೆನಪಿರಬಹುದು: ಮಲೆನಾಡಿನ ನಮ್ಮ ಸಣ್ಣ ಊರಿನ ರೋಟರಿ ಕ್ಲಬ್‌ನಲ್ಲಿ ಒಂಬತ್ತೇ ಜನ ಉಳಿದಿದ್ದೇವೆ, ಹೊಸಬರನ್ನು ಹೇಗೆ ಸೇರಿಸೋದು ಅಂತ. ಈಗ ಹದಿನೇಳು ಜನ ಇದ್ದೇವೆ.

ಮೊದಲು ವಾರದ ಮೀಟಿಂಗ್‌ಗೆ ಕತ್ತರಿ ಹಾಕಿದೆವು. ತಿಂಗಳಿಗೆ ಎರಡು ಸಲ ಸೇರಿದರೆ ಸಾಕು ಅಂತ 2016ರಲ್ಲೇ ರೋಟರಿ ನಿಯಮ ಸಡಿಲಾಗಿದೆ. ನಾವು ಸುಮ್ನೆ ಪ್ರತಿ ಗುರುವಾರ ಹೋಟೆಲ್ ಬಿಲ್ ಕಟ್ಟುತ್ತಾ ಕೂತಿದ್ದೆವು! ಊಟ ಹೋಯಿತು, ಟೀ-ಮಂಡಕ್ಕಿ ಬಂತು. ಹಾಗಾಗಿ ಸದಸ್ಯರು ನಮ್ಮ ಕ್ಲಬ್‌ಗೆ ಕಟ್ಟುವ ಚಂದಾ ಅರ್ಧಕ್ಕಿಳಿಯಿತು. ಹಿರಿಯರೊಬ್ಬರು ಎರಡು ವಾರ ಮುನಿಸಿಕೊಂಡಿದ್ದರು. ಈಗ ಮಂಡಕ್ಕಿಗೆ ಈರುಳ್ಳಿ ಹೆಚ್ಚೋದು ಅವರೇ.

"ಸದಸ್ಯರಾಗಿ ಅನ್ನಬೇಡಿ, ಭಾನುವಾರ ಎರಡು ಗಂಟೆ ಕೆಲಸಕ್ಕೆ ಬನ್ನಿ ಅನ್ನಿ" ಅಂತ ಆಗ ಇಲ್ಲಿ ಒಬ್ಬರು ಹೇಳಿದ್ರಲ್ಲ, ಜಾಸ್ತಿ ಫಲ ಕೊಟ್ಟಿದ್ದು ಅದೇ. ರಕ್ತದಾನ ಶಿಬಿರಕ್ಕೆ ಕುರ್ಚಿ ಹೊರಲು ಬಂದ ಮೆಡಿಕಲ್ ಶಾಪ್ ಹುಡುಗ, ರಿಜಿಸ್ಟರ್ ಬರೆದ ಇಬ್ಬರು ಟೀಚರಮ್ಮಂದಿರು ಹಾಗೇ ಉಳಿದುಕೊಂಡರು. ಹೆಂಗಸರಿಗೆ ರೋಟರಿ ಬಾಗಿಲು ತೆರೆದಿದ್ದು 1989ರಲ್ಲಿ. ನಮ್ಮಲ್ಲಿ ಇವರೇ ಮೊದಲು, ನಾಚಿಕೆಯ ವಿಷಯ ಅಲ್ವಾ?

ಈಗ ಅಡಿಕೆ ಕೊಯ್ಲು ಶುರುವಾಗಿದೆ. ಕಳೆದ ಮೀಟಿಂಗ್‌ಗೆ ಬಂದವರು ಆರೇ ಜನ. ಅದಕ್ಕೂ ಏನಾದರೂ ಉಪಾಯ ಇದ್ದರೆ ಹೇಳಿ.