ಮಂಡ್ಯದ ಲಿಥಿಯಂ: ಅಗೆಯೋಕೆ ಮುಂಚೆ ಏನು ಕೇಳಬೇಕು?

ಮಂಡ್ಯದ ಹೈದ: ಶ್ರೀರಂಗಪಟ್ಟಣ ತಾಲೂಕಿನ ಮರಳಗಾಲದಲ್ಲಿ ಸುಮಾರು 1,600 ಟನ್ ಲಿಥಿಯಂ ಇರಬಹುದು ಅಂತ ಪರಮಾಣು ಖನಿಜ ನಿರ್ದೇಶನಾಲಯ ಅಂದಾಜು ಮಾಡಿದೆಯಲ್ಲ, ಆವತ್ತಿನಿಂದ ನಮ್ಮ ಕಡೆ ಟೀ ಅಂಗಡಿಯಲ್ಲಿ ಎಕರೆಗೆ ಎಷ್ಟು ಕೊಡ್ತಾರೆ ಅನ್ನೋದೇ ಮಾತು. ಹೊರದೇಶದಿಂದ ತರೋ ಬದಲು ಇಲ್ಲೇ ಅಗೆಯಲಿ ಬಿಡಿ. ಕರೆಂಟ್ ಗಾಡಿಯ ಬ್ಯಾಟರಿಗೆ ಲಿಥಿಯಂ ಬೇಕೇ ಬೇಕಲ್ವಾ?

ಬ್ಯಾಟರಿ ಭಟ್ಟ: ಒಂದು ಕಾರಿಗೆ 8 ಕೆಜಿ ಹಿಡಿಯಿರಿ. ಒಂದು ಗ್ರಾಂ ಬಿಡದೆ ತೆಗೆದರೂ 2 ಲಕ್ಷ ಕಾರಿಗೆ ಮುಗೀತು. ಅದೂ ಬಂಡೆಯೊಳಗಿರೋದು. ಪುಡಿ ಮಾಡಿ, ಸಾವಿರ ಡಿಗ್ರಿಗೂ ಜಾಸ್ತಿ ಕಾಯಿಸಬೇಕು. ಸುಮ್ನೆ ಆಸೆ.

ಸಂಡೂರು ಶಿವು: "ಅಗೆಯಲಿ ಬಿಡಿ" ಅಂತ ನಾವೂ ಅಂದಿದ್ದೆವು ತಮ್ಮಾ. ಚೀನಾಕ್ಕೆ ಕಬ್ಬಿಣದ ಅದಿರು ಹೋಗ್ತಿದ್ದ ಕಾಲ. ಜೋಳ ಬೆಳೆಯೋ ಹೊಲವನ್ನೇ ಗುತ್ತಿಗೆಗೆ ಕೊಟ್ಟರು. ನಮ್ಮ ಚಿಕ್ಕಪ್ಪ ಸಾಲ ಮಾಡಿ ಎರಡು ಲಾರಿ ತಂದರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿ ನಿಲ್ಲಿಸಿತು. ಲಾರಿಗಳು ಮನೆ ಮುಂದೆ ನಿಂತವು, ಟೈರಿಗೆ ಬಳ್ಳಿ ಹಬ್ಬಿತು. ಕಂತು ಮಾತ್ರ ನಿಲ್ಲಲಿಲ್ಲ. ಗಣಿ ನಡೆದಷ್ಟು ವರ್ಷ ಅಮ್ಮ ಬಿಳಿ ಬಟ್ಟೆಯನ್ನು ಹೊರಗೆ ಒಣಹಾಕಿದ್ದೇ ಇಲ್ಲ, ಅದಿರಿನ ಧೂಳಿಗೆ ಎಲ್ಲ ಕೆಂಪಾಗುತ್ತಿತ್ತು.

ಲತಾ ಎಚ್.: ಹೊರದೇಶದಿಂದ ತಂದರೆ ನಮ್ಮ ಕೈ ಶುದ್ಧ ಅಂತಲ್ಲ. ಲಿಥಿಯಂ ಜೊತೆ ಎಷ್ಟೋ ಬ್ಯಾಟರಿಗೆ ಕೋಬಾಲ್ಟ್ ಅನ್ನೋ ಲೋಹವೂ ಬೇಕು. ಜಗತ್ತಿನ ಕೋಬಾಲ್ಟಿನಲ್ಲಿ ಮೂರರಲ್ಲಿ ಎರಡು ಪಾಲಿಗೂ ಜಾಸ್ತಿ ಕಾಂಗೋದ್ದು. ಅಲ್ಲಿನ ಕೊಲ್ವೆಜಿ ಕಡೆ ಜನ ಹಾರೆ, ಗುದ್ದಲಿ ಹಿಡಿದು ಬಾವಿಯಂಥ ಗುಂಡಿಗೆ ಇಳಿಯುತ್ತಾರೆ. ಮಕ್ಕಳು ಅದಿರು ಆಯುತ್ತಾರೆ, ತೊಳೆಯುತ್ತಾರೆ.

ಬ್ಯಾಟರಿ ಭಟ್ಟ: ಅದಕ್ಕೇ ಕಬ್ಬಿಣ-ಫಾಸ್ಫೇಟ್ ಬ್ಯಾಟರಿ ಬಂದಿರೋದು. ಅದರಲ್ಲಿ ಕೋಬಾಲ್ಟೂ ಇಲ್ಲ, ನಿಕ್ಕಲ್ಲೂ ಇಲ್ಲ. ಸಮಸ್ಯೆ ಮುಗೀತಲ್ಲ?

ಲತಾ ಎಚ್.: ನಿಮಗೆ ಮುಗೀತು ಭಟ್ರೇ. ಕೊಳ್ಳೋದು ಬಿಟ್ಟರೆ ಅವರ ಅನ್ನಕ್ಕೇ ಕಲ್ಲು. ಕೈಯಲ್ಲಿ ಅಗೆದದ್ದು ಬೇಡ ಅಂತ ದೊಡ್ಡ ಕಂಪನಿ ಹೇಳಿದರೆ ಅದೇ ಅದಿರನ್ನು ದಲ್ಲಾಳಿ ಇನ್ನೂ ಕಡಿಮೆಗೆ ಕೊಂಡು ಬೇರೆ ಅದಿರಿನ ಜೊತೆ ಬೆರೆಸುತ್ತಾನೆ. ಕೊಳ್ಳಿ, ಆದರೆ ಗುಂಡಿಗೆ ಆಸರೆ ಕಟ್ಟಿಸಿ, ತೂಕ ಸರಿಯಾಗಿ ಹಾಕಿಸಿ, ಬೆಲೆ ಕೊಡಿ ಅನ್ನೋದು ನನ್ನ ವಾದ.

ಮಂಡ್ಯದ ಹೈದ: ಸರಿ ಅಕ್ಕ. ನಮ್ಮಲ್ಲಿ ಪಾವಗಡದ ಸೋಲಾರ್ ಥರ ಮಾಡಬಹುದಲ್ಲ? ಅಲ್ಲಿ ಜಮೀನು ಕಿತ್ತುಕೊಳ್ಳಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆಯಿಂದ ಶುರು ಮಾಡಿದರು.

ಲತಾ ಎಚ್.: ಬಾಡಿಗೆ ಪಹಣಿ ಇದ್ದವರಿಗೆ ಬಂತು. ಆ ಹೊಲಗಳಲ್ಲಿ ಕೂಲಿ ಮಾಡ್ತಿದ್ದವರಿಗೆ?

ಸಂಡೂರು ಶಿವು: ಮತ್ತೆ ಪ್ಯಾನೆಲ್ ಎತ್ತಿದರೆ ಹೊಲ ಹೊಲವಾಗೇ ಇರುತ್ತೆ. ಗಣಿ ಗುಂಡಿಯಲ್ಲಿ ರಾಗಿ ಬಿತ್ತುತ್ತೀಯಾ? 2015ರಲ್ಲಿ ಗಣಿ ಕಾಯ್ದೆಗೆ ತಿದ್ದುಪಡಿ ಆದಮೇಲೆ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೂ, ಅಂದ್ರೆ ಗಣಿಯಿಂದ ತೊಂದರೆಯಾದ ಊರುಗಳಿಗಾಗಿ ಇರೋ ನಿಧಿಗೂ, ಗಣಿಯವರು ದುಡ್ಡು ಕಟ್ಟಬೇಕು. ಹರಾಜಾದ ಗಣಿಯಾದರೆ, ಸರ್ಕಾರಕ್ಕೆ ಕಟ್ಟೋ ರಾಜಧನದ (ರಾಯಲ್ಟಿ) ಶೇ. 10ರಷ್ಟು. ಅದು ಯಾವ ಊರಿಗೆ ಹೋಗುತ್ತೆ ಅಂತ ಈಗಲೇ ಕೇಳಿಟ್ಟುಕೋ.

ಮಂಡ್ಯದ ಹೈದ: ನಮ್ಮದು ಒಂದೂವರೆ ಎಕರೆ ಅಣ್ಣ. ಗ್ರಾಮಸಭೆ ಕರೆದರೆ ಮೊದಲು ಏನು ಕೇಳಲಿ?

ಸಂಡೂರು ಶಿವು: ಗುಂಡಿ ಮುಚ್ಚೋ ದುಡ್ಡು. ಅಗೆಯೋಕೆ ಮುಂಚೆ ಠೇವಣಿ ಇಡಿ ಅನ್ನು. ಎಕರೆ ರೇಟು ಆಮೇಲೆ. ಲಾರಿ ಮಾತ್ರ ತಗೋಬೇಡ.