ಡ್ಯೂಟಿಯಲ್ಲಿರುವ ಅಪ್ಪನ ಪಕ್ಕ ಮಗು ಕೂರಬಹುದಾ? ಗ್ರೂಪಿನಲ್ಲಿ ಕಂಟ್ರೋಲರ್ ಜತೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಯಜಮಾನರು ಏರ್ ಟ್ರಾಫಿಕ್ ಕಂಟ್ರೋಲರ್, ಅಂದರೆ ಏರ್‌ಪೋರ್ಟಿನ ಟವರ್‌ನಲ್ಲಿ ಕೂತು ರೇಡಿಯೋದಲ್ಲಿ ಪೈಲಟ್‌ಗಳಿಗೆ ಸೂಚನೆ ಕೊಡುವವರು. ಮಗನಿಗೆ ಒಂಬತ್ತು ವರ್ಷ, ವಿಮಾನ ಅಂದರೆ ಪ್ರಾಣ. ರಜೆ ಶುರುವಾದಾಗಿನಿಂದ ಅಪ್ಪನ ಟವರ್ ನೋಡಬೇಕು ಎಂದು ಒಂದೇ ಹಠ. ಇವರು ಸುತರಾಂ ಒಪ್ಪುತ್ತಿಲ್ಲ. ಕೇಳಿದರೆ 2010ರ ಜೆಎಫ್‌ಕೆ ಕಥೆ ಹೇಳುತ್ತಾರೆ. ನ್ಯೂಯಾರ್ಕಿನ ಆ ಏರ್‌ಪೋರ್ಟಿನಲ್ಲಿ ಕಂಟ್ರೋಲರ್ ಒಬ್ಬರು ತಮ್ಮ ಮಗನಿಂದ ರೇಡಿಯೋದಲ್ಲಿ ಪೈಲಟ್‌ಗಳ ಜತೆ ಮಾತಾಡಿಸಿದ್ದರಂತೆ. ಆದರೆ ಹುಡುಗ ಅಪ್ಪ ಹೇಳಿಕೊಟ್ಟದ್ದನ್ನೇ ಹೇಳಿದ, ಪೈಲಟ್‌ಗಳೂ ಖುಷಿಯಿಂದಲೇ ಉತ್ತರ ಕೊಟ್ಟರು, ಅನಾಹುತ ಏನೂ ಆಗಲಿಲ್ಲ. ಇಷ್ಟೊಂದು ಕಟ್ಟುನಿಟ್ಟು ಬೇಕಾ ಸರ್?

ಉತ್ತರ: ನಮಸ್ಕಾರ ಮೇಡಂ. ನಾನೂ ಕಂಟ್ರೋಲರ್, ಈಗ ಹೆಚ್ಚಾಗಿ ಹೊಸಬರಿಗೆ ತರಬೇತಿ ಕೊಡುವ ಕೆಲಸ. ನಿಮ್ಮ ಮಗ ಟವರ್ ನೋಡಲೇಬೇಕು ಅನ್ನುವವರಲ್ಲಿ ನಾನೂ ಒಬ್ಬ. ಹೇಗೆ ಅಂತ ಕೊನೆಗೆ ಹೇಳುತ್ತೇನೆ. ಮೊದಲು ನಿಮ್ಮ ಯಜಮಾನರ ಮಾತು ಯಾಕೆ ಸರಿ ಅಂತ ಹೇಳಿಬಿಡುತ್ತೇನೆ.

ಆ ಹುಡುಗ ಹೇಳಿದ ಮಾತು ಸರಿಯಾಗಿಯೇ ಇತ್ತು, ನಿಜ. ಆದರೆ ಕಂಟ್ರೋಲರ್ ಕೆಲಸ ಮಾತು ಹೇಳಿದ ಕೂಡಲೇ ಮುಗಿಯುವುದಿಲ್ಲ. ನಾವು ಹೇಳಿದ್ದನ್ನು ಪೈಲಟ್ ತಿರುಗಿ ಹೇಳಬೇಕು, ಅದಕ್ಕೆ ರೀಡ್‌ಬ್ಯಾಕ್ ಅನ್ನುತ್ತೇವೆ. ರನ್‌ವೇ ನಂಬರ್, ಎತ್ತರ, ದಿಕ್ಕು, ಯಾವುದರಲ್ಲಾದರೂ ಒಂದಂಕಿ ತಪ್ಪಿದರೂ ನಾವು ಅಲ್ಲೇ ಹಿಡಿಯಬೇಕು. ನಮ್ಮ ಕಿವಿ ಚುರುಕಾಗಿರಬೇಕಾದ ಗಳಿಗೆ ಅದು. ಮಗ ಮೊದಲ ಸಲ ಮೈಕ್‌ನಲ್ಲಿ ಮಾತಾಡಿ ಮುಗಿಸಿದಾಗ ಅಪ್ಪ ಏನು ಮಾಡುತ್ತಿರುತ್ತಾನೆ ಹೇಳಿ? ಮಗನ ಮುಖ ನೋಡುತ್ತಿರುತ್ತಾನೆ. ಯಾವ ಅಪ್ಪನೂ ಹಾಗೇ ಮಾಡುವುದು, ನಾನೂ ಅಷ್ಟೇ.

ಇನ್ನೊಂದು ವಿಷಯ. ಪೈಲಟ್‌ಗಳೂ ನಾವೂ ಮಾತಾಡುವ ರೇಡಿಯೋ ಫ್ರೀಕ್ವೆನ್ಸಿಯಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತಾಡಲು ಸಾಧ್ಯ. ಇಬ್ಬರು ಒಟ್ಟಿಗೆ ಬಟನ್ ಒತ್ತಿದರೆ ಕೇಳುವವರಿಗೆ ಬರುವುದು ಬರೀ ಕೀರಲು ಸದ್ದು. 1977ರಲ್ಲಿ ಸ್ಪೇನ್‌ನ ಟೆನೆರಿಫ್ ದ್ವೀಪದಲ್ಲಿ ಎರಡು ಬೋಯಿಂಗ್ 747ಗಳು ರನ್‌ವೇ ಮೇಲೇ ಡಿಕ್ಕಿಯಾಗಿ 583 ಜನ ತೀರಿಹೋದರು. ಅಲ್ಲಿ ಮಕ್ಕಳ ಪಾತ್ರ ಏನೂ ಇರಲಿಲ್ಲ. ಮಂಜು ಕವಿದಿತ್ತು, ಮಾತುಗಳೂ ಅಸ್ಪಷ್ಟವಾಗಿದ್ದವು. ಅದರ ಮೇಲೆ ಟವರ್ ಮತ್ತು ಇನ್ನೂ ರನ್‌ವೇ ಮೇಲೇ ಇದ್ದ ಪ್ಯಾನ್ ಆಮ್ ಕಂಪನಿಯ ವಿಮಾನ ಒಂದೇ ಹೊತ್ತಿಗೆ ಮಾತಾಡಿದ್ದರಿಂದ, ಟೇಕ್‌ಆಫ್‌ಗೆ ಹೊರಟಿದ್ದ ಕೆಎಲ್‌ಎಂ ಕಂಪನಿಯ ವಿಮಾನದ ಕಾಕ್‌ಪಿಟ್‌ಗೆ ಬೇಕಾದ ಮಾತು ಸ್ಪಷ್ಟವಾಗಿ ಕೇಳಲಿಲ್ಲ. ಎಲ್ಲರೂ ನುರಿತವರೇ ಇದ್ದಾಗ ನಡೆದದ್ದು ಇದು.

ಈಗ ಹೀಗೆ ಯೋಚಿಸಿ. ಮಗ ಟೇಕ್‌ಆಫ್‌ಗೆ ಅನುಮತಿ ಹೇಳಿ ಮುಗಿಸಿದ. ವಿಮಾನ ಓಡಲು ಶುರುಮಾಡಿತು. ಅಷ್ಟರಲ್ಲಿ ಒಂದು ಜೀಪು ತಪ್ಪಿ ರನ್‌ವೇಗೆ ಬಂತು. ವಿಮಾನ ನಿಲ್ಲಿಸಿ ಎಂದು ಆ ಕ್ಷಣವೇ ಹೇಳಬೇಕು. ಮೈಕ್ ಎಲ್ಲಿದೆ? ಮಗನ ತಲೆಯ ಮೇಲೆ.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ಟ್ರೈನಿಗಳನ್ನೂ ನಿಜವಾದ ವಿಮಾನಗಳ ಮೇಲೇ ಕಲಿಸುತ್ತೀರಲ್ವಾ ಸರ್? ಏನು ವ್ಯತ್ಯಾಸ?

ಉತ್ತರ: ಒಳ್ಳೆ ಪ್ರಶ್ನೆ. ಟ್ರೈನಿ ಆ ಕುರ್ಚಿಗೆ ಬರುವ ಹೊತ್ತಿಗೆ ಕ್ಲಾಸು, ಸಿಮ್ಯುಲೇಟರ್, ಪರೀಕ್ಷೆ ಎಲ್ಲಾ ದಾಟಿರುತ್ತಾರೆ. ಪಕ್ಕದಲ್ಲಿ ನನ್ನ ಹೆಡ್‌ಸೆಟ್ಟೂ ಅದೇ ಪೊಸಿಷನ್‌ಗೆ, ಅಂದರೆ ಕಂಟ್ರೋಲರ್ ಕೂತು ಕೆಲಸ ಮಾಡುವ ಜಾಗಕ್ಕೆ, ಹಾಕಿರುತ್ತದೆ. ಅವರ ಮಾತು ತಪ್ಪಿದರೆ ನಾನು ನಡುವೆಯೇ ಬಾಯಿ ಹಾಕಬಹುದು. ಮುಖ್ಯವಾಗಿ, ಆ ಹೊತ್ತು ಅವರನ್ನು ಗಮನಿಸುವುದೇ ನನ್ನ ಕೆಲಸ. ನನ್ನ ಮಗಳಿಗೆ ಮಾತ್ರ ನಾನು ಎಂದೂ ಅಲ್ಲಿ ಇನ್‌ಸ್ಟ್ರಕ್ಟರ್ ಆಗಲಾರೆ. ಅವಳು ಕೆಮ್ಮಿದರೂ ತಿರುಗಿ ನೋಡುತ್ತೇನೆ.

ಜೆಎಫ್‌ಕೆ ಪೈಲಟ್‌ಗಳು ಖುಷಿಪಟ್ಟರು ಅನ್ನುವುದಕ್ಕೂ ಒಂದು ಮಾತು. ಸಾಲಿನಲ್ಲಿ ನಿಂತಿರುವ ಪೈಲಟ್, ಮಗುವಿನ ದನಿ ಕೇಳಿದಾಗ ಸಹಜವಾಗಿಯೇ ಪ್ರೀತಿಯಿಂದ ಉತ್ತರಿಸುತ್ತಾರೆ. ಅದನ್ನು ಒಪ್ಪಿಗೆ ಅಂತ ತಿಳಿಯಬಾರದು. ಹಿಂದೆ ಕೂತಿದ್ದ ಪ್ರಯಾಣಿಕರನ್ನಂತೂ ಯಾರೂ ಕೇಳಿರಲಿಲ್ಲ.

ಪ್ರಶ್ನೆ (ಪೈಲಟ್ ಸದಸ್ಯರು): ಸರ್, ನನ್ನ ಮಗಳಿಗೆ ಕಾಕ್‌ಪಿಟ್ ತೋರಿಸುವ ಆಸೆ. ಹಾರುವಾಗ ಅಂತೂ ಆಗಲ್ಲ. ನಿಂತಾಗ?

ಉತ್ತರ: ಹಾರುವಾಗ ಯಾಕೆ ಆಗಲ್ಲ ಅನ್ನುವುದಕ್ಕೆ ನಿಮಗೆ ರಷ್ಯಾದ ಏರೋಫ್ಲಾಟ್ 593 ವಿಮಾನದ ಅಪಘಾತ ಗೊತ್ತೇ ಇರುತ್ತದೆ. ಗ್ರೂಪಿನಲ್ಲಿ ಉಳಿದವರಿಗಾಗಿ ಹೇಳುತ್ತೇನೆ. 1994ರ ಮಾರ್ಚ್ 23, ಮಾಸ್ಕೋದಿಂದ ಹಾಂಕಾಂಗಿಗೆ ಹೊರಟ ಏರ್‌ಬಸ್ ಎ310. ಕ್ಯಾಪ್ಟನ್ ತಮ್ಮ ಇಬ್ಬರು ಮಕ್ಕಳನ್ನು ಒಬ್ಬರಾದ ಮೇಲೆ ಒಬ್ಬರಂತೆ ತಮ್ಮ ಸೀಟಿನಲ್ಲಿ ಕೂರಿಸಿದರು. ಆಟೋಪೈಲಟ್ ಆನ್ ಇದೆ, ಏನೂ ಆಗಲ್ಲ ಎಂಬ ಧೈರ್ಯ. ಹದಿಹರೆಯದ ಮಗ ಕಂಟ್ರೋಲ್ ಮೇಲೆ ಸುಮಾರು ಅರ್ಧ ನಿಮಿಷ ಬಲ ಹಾಕಿದ. ಆಟೋಪೈಲಟ್, ವಿಮಾನವನ್ನು ಪಕ್ಕಕ್ಕೆ ವಾಲಿಸುವ ರೆಕ್ಕೆಯ ಏಲೆರಾನ್‌ಗಳ ಹಿಡಿತವನ್ನಷ್ಟೇ ಬಿಟ್ಟುಕೊಟ್ಟಿತು. ಅದಕ್ಕೆ ಒಂದು ಲೈಟ್ ಹತ್ತಿತು, ಸದ್ದು ಬರಲಿಲ್ಲ. ಲೈಟನ್ನು ಯಾರೂ ಗಮನಿಸಲಿಲ್ಲ. ವಿಮಾನ ವಾಲುತ್ತಿದೆ ಎಂದು ಮೊದಲು ಹೇಳಿದ್ದು ಆ ಹುಡುಗನೇ. ಆಮೇಲೆ ದೊಡ್ಡವರು ಸೀಟಿಗೆ ಮರಳಲು ಹೋದರೆ, ತಿರುವಿನ ಒತ್ತಡಕ್ಕೆ ಮೈ ಅಲುಗಾಡಿಸುವುದೇ ಕಷ್ಟವಾಗಿತ್ತು. ಸೈಬೀರಿಯಾದ ಕಾಡಿನಲ್ಲಿ ವಿಮಾನ ಬಿತ್ತು. ಅದರಲ್ಲಿದ್ದ 75 ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ಇದರಲ್ಲಿ ಆ ಹುಡುಗನ ತಪ್ಪು ಒಂದಿಷ್ಟೂ ಇಲ್ಲ. ಅಪ್ಪ ಕೂರು ಅಂದರು, ಕೂತ. ಈ ಕಥೆ ಬಂದಾಗಲೆಲ್ಲ ಜನ ಹುಡುಗನ ಹೆಸರು ಹೇಳಿ ಮಾತಾಡುವುದು ನನಗೆ ತುಂಬಾ ನೋವು ಕೊಡುತ್ತದೆ.

ನಿಂತ ವಿಮಾನದ ಬಗ್ಗೆ: ಕಂಪನಿಯ ಅನುಮತಿ ಇದ್ದು, ಎಂಜಿನ್ ಆಫ್ ಆಗಿ, ಪ್ರಯಾಣಿಕರು ಇಳಿದ ಮೇಲೆ ಧಾರಾಳವಾಗಿ ತೋರಿಸಿ. ಹೊರಡುವ ಮುಂಚೆ ಮಾತ್ರ ಬೇಡ. ಚೆಕ್‌ಲಿಸ್ಟ್, ಇಂಧನದ ಲೆಕ್ಕ, ರೂಟ್ ಹಾಕುವುದು, ತಪ್ಪು ನುಸುಳುವುದೇ ಆ ಹೊತ್ತಿನಲ್ಲಿ. 10,000 ಅಡಿಗಿಂತ ಕೆಳಗೆ, ವಿಮಾನ ನೆಲದ ಮೇಲೆ ಚಲಿಸುವಾಗಲೂ (ಟ್ಯಾಕ್ಸಿ) ಸೇರಿ, ಕೆಲಸಕ್ಕೆ ಬೇಡದ ಮಾತು ಬೇಡ ಎಂದು ಅಮೆರಿಕದಲ್ಲಿ 1981ರಲ್ಲೇ ನಿಯಮ ಬಂತು. ದೊಡ್ಡವರ ಹರಟೆಯೇ ಅಪಾಯ ಅಂತ ಆದ ಮೇಲೆ, ಮಗುವಿನ ನೂರೆಂಟು ಪ್ರಶ್ನೆ ಹೇಗಿರುತ್ತೆ ನೋಡಿ.

ಪ್ರಶ್ನೆ (ವಿಮಾನ ಮೆಂಟೆನೆನ್ಸ್ ಎಂಜಿನಿಯರ್): ನಮ್ಮ ಹ್ಯಾಂಗರ್‌ನಲ್ಲಿ (ವಿಮಾನ ನಿಲ್ಲಿಸಿ ರಿಪೇರಿ ಮಾಡುವ ಶೆಡ್) ಫ್ಯಾಮಿಲಿ ಡೇ ಮಾಡುವ ಯೋಚನೆ ಇದೆ. ಏನು ನೋಡಿಕೊಳ್ಳಬೇಕು?

ಉತ್ತರ: ಇದು ನಿಮಗೇ ಜಾಸ್ತಿ ಗೊತ್ತು. ನನಗೆ ಹೊಳೆಯುವುದು ಇಷ್ಟು. ಕೆಲಸ ನಡೆಯುತ್ತಿರುವ ವಿಮಾನದ ಹತ್ತಿರ ಮಕ್ಕಳು ಬೇಡ, ಒಂದನ್ನು ಬೇರೆಯಾಗಿ ನಿಲ್ಲಿಸಿ. ರೆಕ್ಕೆಯ ಫ್ಲಾಪ್, ಚಕ್ರದ ಗೇರ್ ಬಾಗಿಲು ಅಲುಗಾಡದ ಹಾಗೆ ಮಾಡಿರಿ. ಜೇಬಿನ ನಾಣ್ಯ, ಕ್ಲಿಪ್, ಆಟಿಕೆ ಬಾಗಿಲಲ್ಲೇ ಒಂದು ಡಬ್ಬಿಗೆ ಹಾಕಿಸಿ. ಟೂಲ್ ಬೋರ್ಡಿನಿಂದ ಒಂದು ಸ್ಪ್ಯಾನರ್ ಕಾಣೆಯಾದರೂ ಅದು ಸಿಗುವ ತನಕ ವಿಮಾನ ಬಿಡುವ ಹಾಗಿಲ್ಲ ಅಲ್ವಾ, ಅದನ್ನು ಮಕ್ಕಳಿಗೇ ಹೇಳಿ. ಕಣ್ಣರಳಿಸಿ ಕೇಳುತ್ತಾರೆ.

ಮೊದಲ ಪ್ರಶ್ನೆ ಕೇಳಿದವರು: ಅರ್ಥವಾಯಿತು ಸರ್. ಹಾಗಾದರೆ ಮಗನಿಗೆ ಏನು ಮಾಡಲಿ?

ಉತ್ತರ: ಯಜಮಾನರಿಗೆ ರಜೆ ಇರುವ ದಿನ ಕರೆದುಕೊಂಡು ಹೋಗಲು ಹೇಳಿ. ಮೊದಲೇ ಲಿಖಿತ ಅನುಮತಿ ತೆಗೆದುಕೊಳ್ಳಲಿ. ಟ್ರಾಫಿಕ್ ಕಡಿಮೆ ಇರುವ ಹೊತ್ತು ಆರಿಸಲಿ. ಅವತ್ತು ಅವರು ಅಪ್ಪ ಮಾತ್ರ, ವಿಮಾನ ನೋಡಿಕೊಳ್ಳುವವರು ಬೇರೆಯವರು. ಹಿಂದೆ ನಿಂತು, ಬರೀ ಕೇಳಿಸುವ, ಮಾತಾಡಲು ಬಾರದ ಹೆಡ್‌ಸೆಟ್ ಸಿಕ್ಕರೆ ಹಾಕಿಸಲಿ. ಮಾತಾಡಲೇಬೇಕು ಅಂತ ಮಗ ಹಠ ಹಿಡಿದರೆ ತರಬೇತಿಯ ಸಿಮ್ಯುಲೇಟರ್ ಕೇಳಿ ನೋಡಿ. ಅಲ್ಲಿ ಮನಸಾರೆ ಹೇಳಲಿ, ತಪ್ಪಲಿ, ಮತ್ತೆ ಹೇಳಲಿ.

ಪ್ರಶ್ನೆ (ಕಂಟ್ರೋಲರ್, ಒಂಟಿ ತಾಯಿ): ಸರ್, ಎಲ್ಲರೂ ಮಗುವಿನ ಆಸೆಗೆ ಕರೆದುಕೊಂಡು ಬರುವುದಿಲ್ಲ. ನೋಡಿಕೊಳ್ಳುವವರು ಕೊನೇ ಗಳಿಗೆಯಲ್ಲಿ ಕೈಕೊಟ್ಟರೆ ನನ್ನಂಥವರು ಏನು ಮಾಡಬೇಕು?

ಉತ್ತರ: ತಂಗಿ, ಈ ಪ್ರಶ್ನೆ ಕೇಳಿದ್ದು ತುಂಬಾ ಒಳ್ಳೆಯದಾಯಿತು. ಮಗುವನ್ನು ಹಿಂದಿನ ಕುರ್ಚಿಯಲ್ಲಿ ಕೂರಿಸಿ ಪೊಸಿಷನ್ ತೆಗೆದುಕೊಳ್ಳಬೇಡಿ, ಅದು ಎಷ್ಟೇ ಸುಮ್ನೆ ಕೂರುವ ಮಗುವಾದರೂ. ಶಿಫ್ಟ್‌ಗೆ ಮುಂಚೆಯೇ ಸೂಪರ್‌ವೈಸರ್‌ಗೆ ಫೋನ್ ಮಾಡಿ, ಇವತ್ತು ನಾನು ಕೂರುವ ಸ್ಥಿತಿಯಲ್ಲಿಲ್ಲ ಅಂತ ನೇರವಾಗಿ ಹೇಳಿ. ಜ್ವರ ಬಂದಾಗ ಹೇಳುವುದಿಲ್ವಾ, ಇದೂ ಹಾಗೇ.

ಇಲ್ಲಿ ಸೂಪರ್‌ವೈಸರ್‌ಗಳ ಹೊಣೆಯೇ ದೊಡ್ಡದು. ಜೆಎಫ್‌ಕೆ ಪ್ರಕರಣದಲ್ಲಿ ಕಂಟ್ರೋಲರ್ ಜತೆಗೆ ಸೂಪರ್‌ವೈಸರ್‌ರನ್ನೂ ಕೆಲಸದಿಂದ ದೂರ ಇಟ್ಟರು, ಅದು ಸರಿಯಾಗಿಯೇ ಇತ್ತು. ಫೋನ್ ಮಾಡಿದವರನ್ನು ಬೈದರೆ ಮುಂದಿನ ಸಲ ಅವರು ಫೋನ್ ಮಾಡುವುದಿಲ್ಲ, ಮಗುವನ್ನು ಕರೆದುಕೊಂಡೇ ಬರುತ್ತಾರೆ. ಶಿಫ್ಟ್ ಬದಲಿಸಿಕೊಳ್ಳಲು ಒಪ್ಪಿರುವ ನಾಲ್ಕು ಜನರ ಪಟ್ಟಿ ಪ್ರತಿ ಯೂನಿಟ್‌ನಲ್ಲೂ ಮೊದಲೇ ಇರಲಿ. ನಿಮ್ಮಲ್ಲಿ ಇಲ್ಲದಿದ್ದರೆ ಮುಂದಿನ ಮೀಟಿಂಗ್‌ನಲ್ಲಿ ನೀವೇ ಎತ್ತಿ. ಬರೆದು ಕೊಡಬೇಕಾದರೆ ನನಗೆ ಮೆಸೇಜ್ ಮಾಡಿ, ಕೂತು ಬರೆಯೋಣ.