ಮನೆಯಲ್ಲೇ ಓದುವ ಮಕ್ಕಳಿಗೆ ವೇಳಾಪಟ್ಟಿ ಬೇಕೇ?

ಪ್ರಶ್ನೆ: ಇಬ್ಬರು ಮಕ್ಕಳ ತಾಯಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಹತ್ತು ವರ್ಷದ ಮಗಳು ಮತ್ತು ಏಳು ವರ್ಷದ ಮಗ ಇಬ್ಬರನ್ನೂ ನಾವು ಶಾಲೆಗೆ ಕಳುಹಿಸದೆ ಮನೆಯಲ್ಲೇ ಓದಿಸುತ್ತಿದ್ದೇವೆ. ಓದಿಸುವ ಹೊಣೆ ನನ್ನದು. ಯಜಮಾನರು ಬೆಳಗ್ಗೆ ಅಂಗಡಿಯ ಬಾಗಿಲು ತೆರೆಯಲು ಹೋದವರು ರಾತ್ರಿ ಊಟದ ಹೊತ್ತಿಗೆ ಮರಳಿ, ತಟ್ಟೆಯ ಮುಂದೆ ಕುಳಿತು, "ಇವತ್ತು ಏನೇನು ಕಲಿತಿರಿ?" ಎಂದು ತಪಾಸಣೆ ನಡೆಸುತ್ತಾರೆ. ದಿನವಿಡೀ ಬಾಯಿ ಮುಚ್ಚದ ಮಕ್ಕಳು ಆಗ ಮಾತ್ರ ಒಕ್ಕೊರಲಿನಿಂದ "ಏನೂ ಇಲ್ಲ" ಎಂದು ಉತ್ತರಿಸುತ್ತಾರೆ. ನಾನು ಅನ್ನ ಬಡಿಸುತ್ತಾ ಸುಮ್ಮನಿರುತ್ತೇನೆ.

ನನ್ನ ಪ್ರಶ್ನೆ ವೇಳಾಪಟ್ಟಿಯದು. ಗಣಿತ ಒಂಬತ್ತಕ್ಕೆ, ಕನ್ನಡ ಹತ್ತಕ್ಕೆ, ಪರಿಸರ ಅಧ್ಯಯನ ಹನ್ನೊಂದಕ್ಕೆ ಎಂದು ಬಣ್ಣದ ಪೆನ್ನಿನಲ್ಲಿ ಬರೆದು ಬೀರುವಿನ ಬಾಗಿಲಿಗೆ ಅಂಟಿಸಿದ ಹಾಳೆಯೊಂದು ನಮ್ಮ ಮನೆಯಲ್ಲಿದೆ. ಅದು ಈಗಲೂ ಅಲ್ಲೇ ಇದೆ, ಬಹಳ ಚೆನ್ನಾಗಿಯೂ ಇದೆ. ಅದರಂತೆ ನಡೆದ ದಿನವನ್ನು ಮಾತ್ರ ನಾನು ನೋಡಿಲ್ಲ. ಒಂಬತ್ತಕ್ಕೆ ಸರಿಯಾಗಿ ಭಾಗಾಕಾರ ತೆರೆದರೆ ಹಾಲು ಉಕ್ಕುತ್ತದೆ, ಹತ್ತಕ್ಕೆ ಕಾಗುಣಿತ ಬರೆಯಲು ಕೂರಿಸಿದರೆ ನಲ್ಲಿಯಲ್ಲಿ ನೀರು ಬರುತ್ತದೆ. ನೀರು ಬಂದ ಮೇಲೆ ಒತ್ತಕ್ಷರಗಳನ್ನು ಯಾರು ಲೆಕ್ಕಿಸುತ್ತಾರೆ?

ಒಂದು ಉದಾಹರಣೆ ಹೇಳುತ್ತೇನೆ. ಮೊನ್ನೆ ಗಣಿತದ ಹೊತ್ತಿನಲ್ಲಿ ಮಗ ಮಂಡಕ್ಕಿ ತಿನ್ನುತ್ತಿದ್ದವನು, ಇದೂ ಅಕ್ಕಿಯೇ ಆದರೆ ಡಬ್ಬಿಯಲ್ಲಿರುವ ಅಕ್ಕಿ ಏಕೆ ಉಬ್ಬುವುದಿಲ್ಲ ಎಂದು ಕೇಳಿದ. ಮಂಡಕ್ಕಿ ಭಟ್ಟಿಗಳ ಊರಿನಲ್ಲಿದ್ದುಕೊಂಡು ಇದಕ್ಕೆ ಉತ್ತರ ತಿಳಿಯದಿರುವುದು ಊರಿಗೇ ಅವಮಾನವೆಂದು ಮಗಳು ತೀರ್ಮಾನಿಸಿದಳು. ಬಾಣಲೆಯಲ್ಲಿ ಮರಳು ಕಾಯಿಸಿ, ಮನೆಯ ಸೋನಾ ಮಸೂರಿಯನ್ನು ಅದರಲ್ಲಿ ಸುರಿದು ನೋಡಿದೆವು. ಅಕ್ಕಿ ಕೆಂಪಾಯಿತು, ಆಮೇಲೆ ಕಪ್ಪಾಯಿತು, ಉಬ್ಬಲಿಲ್ಲ. ಪರಿಚಯದವರ ಭಟ್ಟಿಗೆ ಕರೆದೊಯ್ದಾಗ ಅಲ್ಲಿಯವರು ವಿವರಿಸಿದರು: ಭತ್ತವನ್ನು ಮೊದಲೇ ನೆನೆಸಿ, ಕಾಯಿಸಿ, ಒಣಗಿಸಿ, ಆಮೇಲೆ ಅಕ್ಕಿ ಮಾಡಿಸಿ, ಉಪ್ಪುನೀರು ಸವರಿ, ಚೆನ್ನಾಗಿ ಕಾದ ಮರಳಿಗೆ ಹಾಕಬೇಕು. ಹಾಗೆ ಒಮ್ಮೆ ಬೆಂದು ಒಣಗಿದ ಕಾಳಿನ ಪಿಷ್ಟ ಬಿರುಕಿಲ್ಲದೆ ಗಟ್ಟಿಯಾಗಿ ಬೆಸೆದುಕೊಂಡಿರುತ್ತದೆ. ಒಳಗೆ ಉಳಿದ ಚೂರು ತೇವ ಮರಳಿನ ಕಾವಿಗೆ ಥಟ್ಟನೆ ಆವಿಯಾಗಿ, ಹೊರಬರಲು ದಾರಿ ಕಾಣದೆ ಕಾಳನ್ನೇ ಉಬ್ಬಿಸುತ್ತದೆ. ಹಸಿ ಅಕ್ಕಿಯಲ್ಲಿ ಆವಿಗೆ ದಾರಿ ಸಿಗುತ್ತದೆ, ಅಷ್ಟೆ. ಮಕ್ಕಳು ಮನೆಗೆ ಬಂದು ಅಳತೆಯ ಲೋಟ ಹಿಡಿದು, ಒಂದು ಹಿಡಿ ಅಕ್ಕಿ ಉಬ್ಬಿದರೆ ಎಷ್ಟು ಲೋಟವಾದೀತೆಂದು ಸಂಜೆಯವರೆಗೆ ಜಗಳವಾಡಿದರು. ಇದನ್ನು ಬೀರುವಿನ ಹಾಳೆಯ ಯಾವ ಮನೆಯಲ್ಲಿ ತುಂಬಲಿ? ವಿಜ್ಞಾನವೇ, ಗಣಿತವೇ, ಅಥವಾ ಅಡುಗೆಮನೆಯ ತುಂಬಾ ಚೆಲ್ಲಿದ ಮರಳನ್ನು ಗುಡಿಸಿದ್ದರಿಂದ ದೈಹಿಕ ಶಿಕ್ಷಣವೇ?

ವೇಳಾಪಟ್ಟಿಯ ಅಗತ್ಯ ನನಗಿಂತ ಹೆಚ್ಚಾಗಿ ನೆಂಟರಿಗಿದೆ. ಮದುವೆ ಮನೆಗೆ ಕಾಲಿಟ್ಟರೆ ಮಕ್ಕಳಿಗೆ ಸಿಗುವುದು ಮೊದಲು ಪಾನಕವಲ್ಲ, ಪರೀಕ್ಷೆ. ಕಳೆದ ಸಲ ದೊಡ್ಡಪ್ಪನವರೊಬ್ಬರು ಮಗಳನ್ನು ಹಿಡಿದು ನಿಲ್ಲಿಸಿ, "ಹದಿನೇಳರ ಮಗ್ಗಿ ಹೇಳು ನೋಡೋಣ" ಎಂದರು. "ನೀವು ಹೇಳಿ ದೊಡ್ಡಪ್ಪ, ತಪ್ಪಾದರೆ ನಾನು ತಿದ್ದುತ್ತೇನೆ" ಎಂದಳು. ಪಾಪ, ಅವರು ಹದಿನೇಳು ಏಳ್ಲ ನೂರ ಹತ್ತೊಂಬತ್ತರವರೆಗೆ ಗಂಭೀರವಾಗಿ ನಡೆದು, ಎಂಟ್ಲದ ಬಳಿ ಊಟಕ್ಕೆ ಎಲೆ ಹಾಕಿದರೆಂದು ಹೊರಟುಹೋದರು. ಶಾಲೆಯಿಂದ ಹೊರಗುಳಿದ ಮಕ್ಕಳ ಸಮೀಕ್ಷೆಗೆಂದು ಮನೆಗೆ ಬಂದ ಶಿಕ್ಷಕಿಯವರ ಕಷ್ಟ ಇನ್ನೂ ದೊಡ್ಡದು. ಬಹಳ ಸೌಮ್ಯ ಹೆಂಗಸು. ಕಾರಣದ ಕಲಮಿಗೆ ಬಂದು, "ವಲಸೆಯೇ? ದುಡಿಮೆಯೇ? ಅನಾರೋಗ್ಯವೇ?" ಎಂದು ಒಂದೊಂದಾಗಿ ಓದಿದರು. ಮಗ ಪ್ರತಿಯೊಂದಕ್ಕೂ ಅಡ್ಡಡ್ಡ ತಲೆಯಾಡಿಸಿ, ಕೊನೆಗೆ "ಅಮ್ಮ" ಎಂದ. ಆ ಕಾರಣ ಅವರ ನಮೂನೆಯಲ್ಲಿ ಇರಲಿಲ್ಲ.

ಮಕ್ಕಳನ್ನು ಮನೆಯಲ್ಲೇ ಓದಿಸುತ್ತಿರುವವರು ಗಂಟೆಗಂಟೆಗೆ ಪಾಠ ಇಟ್ಟುಕೊಂಡಿದ್ದೀರಾ? ತಾಯಿ ಎಲ್ಲಿ ಮುಗಿದು ಮೇಡಂ ಎಲ್ಲಿ ಶುರುವಾಗಬೇಕೆಂಬುದನ್ನು ಹೇಗೆ ನಿಭಾಯಿಸುತ್ತೀರಿ? ದಯವಿಟ್ಟು ತಿಳಿಸಿ.

ಉತ್ತರ 1: ನಿವೃತ್ತ ಮೇಷ್ಟ್ರು, ಚಿತ್ರದುರ್ಗ

ತಾಯೀ, ಶಾಲೆಗಳಲ್ಲಿ ವೇಳಾಪಟ್ಟಿ ಹುಟ್ಟಿದ್ದು ಮಕ್ಕಳ ಕಲಿಕೆಗಾಗಿ ಅಲ್ಲ, ಮೇಷ್ಟ್ರುಗಳ ಹಂಚಿಕೆಗಾಗಿ. ಗಣಿತದ ಒಬ್ಬನೇ ಮೇಷ್ಟ್ರು ಎಂಟು, ಒಂಬತ್ತು, ಹತ್ತು ಮೂರೂ ತರಗತಿಗಳಿಗೆ ಹೋಗಬೇಕಾದಾಗ ಗಂಟೆ ಹೊಡೆಯದೆ ವಿಧಿಯಿಲ್ಲ. ಎಷ್ಟೋ ವರ್ಷ ಆ ಹಾಳೆಯನ್ನು ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೇ ಬರುತ್ತಿತ್ತು. ಅದರಲ್ಲಿ ಮಕ್ಕಳ ಹಸಿವು, ನಿದ್ದೆ, ಕುತೂಹಲ ಯಾವುದಕ್ಕೂ ಜಾಗ ಇರಲಿಲ್ಲವೆಂದು ಖಚಿತವಾಗಿ ಹೇಳಬಲ್ಲೆ. ನಿಮ್ಮಲ್ಲಿ ಮಕ್ಕಳು ಇಬ್ಬರು, ಮೇಡಂ ಒಬ್ಬರು. ಗಂಟೆ ಯಾರಿಗಾಗಿ?

ನಮ್ಮ ಸರ್ಕಾರಿ ಶಾಲೆಗಳೇ ಕೆಳಗಿನ ತರಗತಿಗಳಲ್ಲಿ ಈ ಗಂಟೆಯ ಕಟ್ಟನ್ನು ಸಡಿಲಿಸಿವೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಗಿ ರಾಜ್ಯಕ್ಕೆಲ್ಲ ಹಬ್ಬಿದ ನಲಿ ಕಲಿಯಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿ ಕುಳಿತು, ಕಲಿಕಾ ಏಣಿಯ ಮೆಟ್ಟಿಲುಗಳನ್ನು ತಮ್ಮ ತಮ್ಮ ವೇಗದಲ್ಲಿ ಹತ್ತುತ್ತಾರೆ. ಒಬ್ಬನು ಮೂರು ದಿನ ಗೈರಾದರೆ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತಾನೆ. ನಿಮ್ಮ ಹತ್ತು ಮತ್ತು ಏಳರ ಜೋಡಿಗೆ ಇದಕ್ಕಿಂತ ಹೊಂದುವ ಪದ್ಧತಿ ನನಗೆ ಕಾಣುವುದಿಲ್ಲ.

ಹಾಗೆಂದು ಲಗಾಮು ಪೂರ್ತಿ ಬಿಡಬೇಡಿ. ವೇಳಾಪಟ್ಟಿಯನ್ನು ಬೆಳಗ್ಗೆ ಬರೆಯುವ ಬದಲು ರಾತ್ರಿ ಬರೆಯಿರಿ. ಆ ದಿನ ನಿಜವಾಗಿ ಏನು ನಡೆಯಿತೋ ಅದನ್ನು ಮಕ್ಕಳ ಕೈಯಿಂದಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆಸಿರಿ. ಮಂಡಕ್ಕಿಯ ದಿನ "ಬಾಣಲೆಯ ಅಕ್ಕಿ ಕಪ್ಪಾಯಿತು" ಎಂದು ಮಗ ಬರೆದರೆ ಅದೇ ಕನ್ನಡ ಪಾಠ. ಅದು ಏಕೆ ಕಪ್ಪಾಯಿತೆಂದು ಮಗಳು ಬರೆದರೆ ವಿಜ್ಞಾನ. ತಿಂಗಳ ಕೊನೆಗೆ ಪುಟ ತಿರುವಿದಾಗ ಎರಡು ವಾರದಿಂದ ಭಾಗಾಕಾರದ ಸುದ್ದಿಯೇ ಇಲ್ಲವೆಂದು ಕಂಡರೆ ಆ ವಾರ ಅದನ್ನೇ ಹಿಡಿದು ಕೂರಿರಿ. ಮಗ್ಗಿಗೆ ಮಾತ್ರ ರಿಯಾಯಿತಿ ಇಲ್ಲ. ಅದು ದಿನವೂ ಆಗಲೇಬೇಕು, ನಲ್ಲಿ ನೀರು ಬಂದರೂ ಕೊಡದ ಜೊತೆಯಲ್ಲೇ ಆಗಬೇಕು. ನಿಮ್ಮ ಆ ದೊಡ್ಡಪ್ಪನವರು ಯಾವ ಶಾಲೆಯವರೆಂದು ಕೇಳುವುದಿಲ್ಲ, ನಮ್ಮದಾಗಿರಲಿಕ್ಕೂ ಸಾಕು.

ತಾಯಿ ಮತ್ತು ಮೇಡಂ ವಿಷಯಕ್ಕೆ ನಮ್ಮ ಜಿಲ್ಲೆಯಲ್ಲಿ ಬಹಳ ಹಳೆಯ ಸಾಕ್ಷಿಯೊಂದಿದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1892ರಲ್ಲಿ ಬಿ.ಎಲ್. ರೈಸ್ ಅವರು ಪತ್ತೆ ಮಾಡಿದ ಅಶೋಕನ ಶಾಸನದಲ್ಲಿ ತಾಯಿತಂದೆಯರ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯ ನುಡಿಯಬೇಕು, ಶಿಷ್ಯನು ಆಚಾರ್ಯನನ್ನು ಗೌರವಿಸಬೇಕು ಎಂಬ ಆಜ್ಞೆಗಳಿವೆ. ಚಕ್ರವರ್ತಿ ಎರಡನ್ನೂ ಬೇರೆ ಬೇರೆಯಾಗಿ ಹೇಳಬೇಕಾಯಿತು. ನಿಮ್ಮ ಮನೆಯಲ್ಲಿ ಎರಡು ಆಜ್ಞೆಗೂ ಒಬ್ಬರೇ ಹಕ್ಕುದಾರರು, ಹಾಗಾಗಿ ಪಾಲನೆ ಇಮ್ಮಡಿಯಾಗಬೇಕು ಎಂದು ಮಕ್ಕಳಿಗೆ ತೋರಿಸಿಕೊಂಡು ಬನ್ನಿ. ಜೊತೆಗೆ ಒಂದು ಸ್ವಾರಸ್ಯವನ್ನೂ ತೋರಿಸಿ. ಶಾಸನವೆಲ್ಲ ಎಡದಿಂದ ಬಲಕ್ಕೆ ಸಾಗುವ ಬ್ರಾಹ್ಮಿಯಲ್ಲಿದೆ. ಬರೆದ ಚಪಡನೆಂಬ ಲಿಪಿಕಾರ ಕೊನೆಯಲ್ಲಿ ತನ್ನ ಹೆಸರು ಹಾಕಿ, ವೃತ್ತಿಯನ್ನು ಮಾತ್ರ ಬಲದಿಂದ ಎಡಕ್ಕೆ ಓದುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ವಾಯವ್ಯದ ಆ ಲಿಪಿ ಇಷ್ಟು ದೂರದ ನಮ್ಮ ಬಂಡೆಯ ಮೇಲೆ ಏಕೆ ಬಂತೆಂದು ಮಕ್ಕಳೇ ಕೇಳುತ್ತಾರೆ. ನೀವು ಭೂಪಟ ತೆಗೆದಿಟ್ಟುಕೊಂಡಿದ್ದರೆ ಸಾಕು.

ಉತ್ತರ 2: ಪ್ರೌಢಶಾಲಾ ಶಿಕ್ಷಕಿ, ದಾವಣಗೆರೆ

ಮೇಷ್ಟ್ರ ಮಾತಿಗೆ ಎದುರಾಡುತ್ತಿದ್ದೇನೆಂದು ತಿಳಿಯಬಾರದು. ವೇಳಾಪಟ್ಟಿಯ ಚರ್ಚೆಯಲ್ಲಿ ಒಂದು ಪೀರಿಯಡ್ಡನ್ನು ಎಲ್ಲರೂ ಮರೆತಿದ್ದೀರಿ, ಅದು ಊಟದ ಬಿಡುವು. ನನ್ನ ತರಗತಿಯ ಮಕ್ಕಳು ನನ್ನಿಂದ ಕಲಿತದ್ದಕ್ಕಿಂತ ಹೆಚ್ಚನ್ನು ಬಿಸಿಯೂಟದ ಸಾಲಿನಲ್ಲಿ ಕಲಿಯುತ್ತಾರೆ: ಯಾರ ಪಕ್ಕ ಕೂರಬೇಕು, ಮೊಟ್ಟೆ ತಿನ್ನದವನ ಬಾಳೆಹಣ್ಣನ್ನು ಹೇಗೆ ಕೇಳಿ ಪಡೆಯಬೇಕು, ತಳ್ಳಿದವನ ಜೊತೆ ಮರುದಿನ ಹೇಗೆ ಮಾತಾಡಬೇಕು. ನಿಮ್ಮ ಮಗಳಿಗೆ ಜಗಳವಾಡಲು ಇರುವುದು ತಮ್ಮ ಒಬ್ಬನೇ, ಅವನೂ ಮನೆಯ ರಾಜಕುಮಾರ. ತನಗೆ ಇಷ್ಟವಿಲ್ಲದ ಮೂವತ್ತು ಜನರ ನಡುವೆ ದಿನ ಕಳೆಯುವುದೂ ಒಂದು ವಿದ್ಯೆಯೇ ಅಲ್ಲವೇ? ದೊಡ್ಡಪ್ಪನಿಗೆ ಅವಳು ಕೊಟ್ಟ ಉತ್ತರವನ್ನು ಓದಿ ನಕ್ಕೆ. ಅದನ್ನೇ ತರಗತಿಯಲ್ಲಿ ನನಗೆ ಹೇಳಿದ್ದರೆ ನಗುತ್ತಿದ್ದೆನೋ ಇಲ್ಲವೋ!

ಉತ್ತರ 3: ಇಬ್ಬರು ಹೆಣ್ಣುಮಕ್ಕಳ ತಂದೆ, ಹರಿಹರ

ಅಕ್ಕಾ, ನಮ್ಮ ಹಿರಿಯ ಮಗಳು ಮನೆಯಲ್ಲೇ ಓದಿ ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಮೂಲಕ ಹತ್ತನೆಯ ತರಗತಿ ಮುಗಿಸಿದವಳು. ನಿಮ್ಮ ಮಕ್ಕಳಿಗೆ ಇನ್ನೂ ಕಾಲವಿದೆಯಾದರೂ ನೆಂಟರ ಬಾಯಿಗೆ ಉತ್ತರವಾಗಿ ಈ ವಿವರಗಳು ಈಗಲೇ ಬೇಕಾಗಬಹುದು. ಅದು 1989ರಲ್ಲಿ ಸ್ಥಾಪನೆಯಾದ ಕೇಂದ್ರ ಸರ್ಕಾರದ ಸಂಸ್ಥೆ. ಹತ್ತಕ್ಕೆ ಸೇರಲು 14 ವರ್ಷ ತುಂಬಿರಬೇಕು. ಐದು ವಿಷಯ ತೇರ್ಗಡೆಯಾದರೆ ಸಾಕು, ಅದಕ್ಕೆ 5 ವರ್ಷಗಳಲ್ಲಿ 9 ಅವಕಾಶಗಳಿವೆ, ಪರೀಕ್ಷೆ ವರ್ಷಕ್ಕೆ ಎರಡು ಸಲ ನಡೆಯುತ್ತದೆ. ಎಲ್ಲ ವಿಷಯಗಳನ್ನು ಒಟ್ಟಿಗೆ ಬರೆಯಬೇಕೆಂದಿಲ್ಲ. ನನ್ನ ಮಗಳು ಚಿತ್ರಕಲೆ ಮತ್ತು ಗೃಹವಿಜ್ಞಾನವನ್ನು ಮೊದಲು ಬರೆದಳು. ಗೃಹವಿಜ್ಞಾನದಲ್ಲಿ ಒಳ್ಳೆಯ ಅಂಕ ಬಂದ ಮೇಲೆ ಅಡುಗೆಮನೆಯ ಕಡೆ ತಲೆ ಹಾಕುವುದನ್ನು ಬಿಟ್ಟಳು. ಆ ಪಠ್ಯ ಮುಗಿಯಿತಂತೆ.

ಕಾನೂನಿನ ಮಾತು ಎತ್ತುವವರೂ ಸಿಗುತ್ತಾರೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಸಂಬಂಧಿಸಿದ್ದು. ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ತಂದೆತಾಯಿಯರ ಕರ್ತವ್ಯವೆಂದು ಅದರ 10ನೆಯ ಕಲಂ ಹೇಳುತ್ತದೆ, ಆದರೆ ಸೇರಿಸದ ಪೋಷಕರಿಗೆ ದಂಡವನ್ನೇನೂ ವಿಧಿಸುವುದಿಲ್ಲ. ಆದ್ದರಿಂದ ಸಮೀಕ್ಷೆಗೆ ಬಂದವರೊಡನೆ ವಾದಕ್ಕಿಳಿಯದೆ ಮಕ್ಕಳು ಬರೆದದ್ದನ್ನೆಲ್ಲ ಮುಂದಿಡುವುದು ಒಳ್ಳೆಯದು. ಮೇಷ್ಟ್ರು ಹೇಳಿದ ರಾತ್ರಿಯ ನೋಟ್‌ಬುಕ್ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ನಮ್ಮ ಮನೆಯಲ್ಲಿ ಅಂಥದ್ದೇ ಪುಸ್ತಕ ಇತ್ತು, ಅದರಲ್ಲಿ ಅರ್ಧದಷ್ಟು ಪುಟಗಳಲ್ಲಿ ನನ್ನ ಮೇಲಿನ ದೂರುಗಳಿದ್ದವು ಎಂಬುದನ್ನು ಬಿಟ್ಟರೆ.

ಜಗಳದ ವಿಷಯದಲ್ಲಿ ಟೀಚರ್ ಹೇಳಿದ್ದು ನಿಜ. ಸಂಜೆ ಕಬಡ್ಡಿಗೆ, ಶನಿವಾರ ಗ್ರಂಥಾಲಯಕ್ಕೆ ಕಳುಹಿಸಿ ನಾವು ಅದನ್ನು ತುಂಬಿಕೊಂಡೆವು. ಕಬಡ್ಡಿಯಲ್ಲಿ ಇಷ್ಟವಿಲ್ಲದವರ ಕಾಲನ್ನೂ ಹಿಡಿಯಬೇಕಾಗುತ್ತದೆ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ಎಲ್ಲರಿಗೂ ಧನ್ಯವಾದಗಳು. ಬೀರುವಿನ ಹಾಳೆಯನ್ನು ತೆಗೆಯಬೇಕೆಂದು ಹೊರಟರೆ ಅತ್ತೆಯವರು ಬಿಡುತ್ತಿಲ್ಲ. ಬಂದವರಿಗೆ ತೋರಿಸಲು ಅದು ಇರಲಿ ಎನ್ನುತ್ತಾರೆ. ರಾತ್ರಿಯ ನೋಟ್‌ಬುಕ್ ಶುರುವಾಗಿದೆ. ಮಗನ ಮೊದಲ ಬರಹ ಹೀಗಿದೆ: "ಇವತ್ತು ಅಮ್ಮ ಫೋನಿನಲ್ಲಿ ತುಂಬಾ ಹೊತ್ತು ಬರೆದರು. ನಮಗೆ ಪಾಠ ಇರಲಿಲ್ಲ." ಯಜಮಾನರು ಊಟದ ಹೊತ್ತಿನಲ್ಲಿ ಅದನ್ನು ಗಟ್ಟಿಯಾಗಿ ಓದಿದರು.

ಟೀಚರ್, ನಿಮ್ಮ ಮಾತು ನನಗೂ ಆಗಾಗ ಕಾಡುವಂಥದ್ದೇ, ಅದಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಕುಂದವಾಡ ಕೆರೆಯ ಏರಿಯ ಮೇಲೆ ಸಂಜೆ ಸೇರುವ ಮಕ್ಕಳ ಗುಂಪಿನಲ್ಲಿ ನನ್ನ ಮಗಳಿಗೆ ಒಬ್ಬಳು ಕಟ್ಟಾ ಶತ್ರು ಇದ್ದಾಳೆ. ಇಬ್ಬರೂ ದಿನವೂ ಮಾತು ಬಿಡುತ್ತಾರೆ, ಮರುದಿನ ಒಂದೇ ಸೈಕಲ್ಲಿನಲ್ಲಿ ಬರುತ್ತಾರೆ. ನಿಮಗೆ ಬಿಡುವಿದ್ದರೆ ಒಂದು ಭಾನುವಾರ ಬಂದು ನಮ್ಮ ಮಕ್ಕಳನ್ನು ಮಾತಾಡಿಸಿ, ಮಗ್ಗಿ ಮಾತ್ರ ಕೇಳಬೇಡಿ.

ಮೇಷ್ಟ್ರೇ, ಬ್ರಹ್ಮಗಿರಿಗೆ ಹೋಗುವುದೆಂದು ತೀರ್ಮಾನವಾಗಿದೆ. ಶಾಸನ ಓದಿ ಬಂದ ಮೇಲೆ ಪ್ರಾಣಿದಯೆಯ ಹೆಸರಿನಲ್ಲಿ ಬೀದಿನಾಯಿಯ ಮರಿ ಮನೆಗೆ ಬರುವ ಸೂಚನೆಯೂ ಈಗಲೇ ಕಾಣುತ್ತಿದೆ. ಬಿಸಿಲೇರುವ ಮುನ್ನ ಬಂಡೆಯ ಬಳಿ ಇರಬೇಕಾದರೆ ಹೇಗೆ ಹೊರಡಬೇಕು? ಊಟಕ್ಕೆ ಚಳ್ಳಕೆರೆಯಲ್ಲಿ ನೋಡಿಕೊಳ್ಳಬಹುದೇ, ಬುತ್ತಿಯನ್ನೇ ಕಟ್ಟಿಕೊಳ್ಳಬೇಕೇ?

ನಿವೃತ್ತ ಮೇಷ್ಟ್ರು, ಚಿತ್ರದುರ್ಗ

ಹಿಂದಿನ ದಿನವೇ ದುರ್ಗಕ್ಕೆ ಬಂದು ಉಳಿದು, ನಸುಕಿನಲ್ಲಿ ಹೊರಡಿ. ಬುತ್ತಿಯೇ ಇರಲಿ ತಾಯೀ. ರೊಟ್ಟಿ, ಶೇಂಗಾ ಚಟ್ನಿ ಸಾಕು. ಮೊಸರು ಬೇಡ, ಆ ಕಡೆಯ ಬಿಸಿಲಿಗೆ ಹುಳಿಯಾಗುತ್ತದೆ. ನೀರು ಮಾತ್ರ ನೀವು ಅಂದುಕೊಂಡದ್ದಕ್ಕಿಂತ ಎರಡರಷ್ಟು ಇರಲಿ.